ಆಷಾಢದ ಬನ್ನಿ

ನಾಲ್ಕು ಲಕ್ಷ ಹದಿನೆಂಟು ಸಾವಿರ. ಶೋರೂಮಿನ ಹುಡುಗಿ ಅದನ್ನು, ಕಾಫಿಗೆ ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದಷ್ಟೇ ಮೆತ್ತಗೆ ಹೇಳಿದಳು. ಅವಳ ತಪ್ಪೇನಿಲ್ಲ, ಹಾಗೆ ಹೇಳಲು ಕಲಿಸಿರುತ್ತಾರೆ. ನಾನು ಕಪ್ಪನ್ನು ಅವರ ಗಾಜಿನ ಟೇಬಲ್ಲಿನ ಮೇಲೆ ಇಟ್ಟುಬಿಟ್ಟೆ.

“ಯಾವುದಕ್ಕವಾ ಅಷ್ಟು ರೊಕ್ಕ?”

“ಕಾರಿನ ಒಳಗಡೆ ನೀರು ಹೋಗಿದೆ ಮೇಡಂ. ಮುಂದಿನ ಸೀಟಿನ ಕೆಳಗೆ ಒಂದು ಕಂಟ್ರೋಲ್ ಬಾಕ್ಸ್ ಇರುತ್ತೆ, ಅದು ಹಾಳಾಗಿದೆ. ಹೊಸದು ಹಾಕ್ಬೇಕು. ವೈರಿಂಗ್ ಪೂರ್ತಿ ಬದಲಾಯಿಸ್ಬೇಕು. ಕಾರ್ಪೆಟ್ಟೂ ಹೊಸದೇ ಬರುತ್ತೆ.”

“ನೀರು ಹೆಂಗ ಹೋತು?”

“ತೊಳೆಯೋದ್ರಲ್ಲಿ ತಪ್ಪಾಗಿರುತ್ತೆ ಮೇಡಂ. ಬಾನೆಟ್ ಮೇಲೆ ಪೈಪ್ ಹಿಡಿದು ಜೋರಾಗಿ ನೀರು ಬಿಡ್ತಾರೆ, ಸುಮಾರು ಜನ. ನಿಮ್ಮನೇಲಿ ಯಾರು ತೊಳೀತಾರೆ?”

ನಾನು ತಿರುಗಿ ನಮ್ಮ ಮನೆಯವರನ್ನು ನೋಡಿದೆ. ಅವರು ಆ ಮೆತ್ತನೆಯ ಸೋಫಾದ ತುದಿಯಲ್ಲಿ, ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ನನಗೆ ಸಿಟ್ಟು ಬಂದರೆ ಬಾಯಿ ಮೊದಲು ಹೊರಡುತ್ತದೆ, ಬುದ್ಧಿ ಹಿಂದಿನಿಂದ ಚಪ್ಪಲಿ ಹುಡುಕುತ್ತ ಬರುತ್ತದೆ. ಅವತ್ತೂ ಹಾಗೇ ಆಯಿತು.

“ಬಡಕೊಂಡೆ, ಪೈಪು ಬಿಡಬ್ಯಾಡ್ರಿ, ಹಸಿ ಅರಿವಿಲೆ ಒರಸ್ರಿ ಅಂತ! ಕೇಳಿದ್ರಿ? ಇದೇನ ನಿಮ್ಮ ಡಿಪೋದಾಗಿನ ಬಸ್ಸೇನ್ರಿ, ಕೊಡಗಟ್ಟಲೆ ನೀರು ಹೊಯ್ಯಾಕ? ಮೂವತ್ತೆರಡು ವರ್ಷ ಡ್ರೈವರಕಿ ಮಾಡಿ ಏನು ಕಲತ್ರಿ ನೀವು?”

ಶೋರೂಮಿನಲ್ಲಿದ್ದ ಎಲ್ಲರೂ ನಮ್ಮ ಕಡೆ ನೋಡಿದರು. ಕರಿ ಪ್ಯಾಂಟಿನ ಹುಡುಗರು, ಚಾವಿ ತಿರುಗಿಸುತ್ತ ನಿಂತಿದ್ದ ಒಬ್ಬ ಕಾಂಟ್ರಾಕ್ಟರ್, ನೆಲ ಒರೆಸುತ್ತಿದ್ದ ಹೆಣ್ಣುಮಗಳು. ನಮ್ಮವರು ಟೊಪ್ಪಿಗೆ ತಲೆಗೆ ಹಾಕಿಕೊಂಡು ಎದ್ದರು.

“ಆತು, ನಡಿ ಉಮಾ,” ಅಂದರು. ಅಷ್ಟೇ.

ಖರೇ ಹೇಳಬೇಕೆಂದರೆ, ಪೈಪು ಬಿಡಬೇಡಿ ಎಂದು ನಾನು ಒಂದು ಸಲವೂ ಹೇಳಿರಲಿಲ್ಲ.

ಆ ಕಾರು ನನ್ನದು. ಇದನ್ನು ಹೇಳಿಯೇ ಮುಂದೆ ಹೋಗುತ್ತೇನೆ, ಯಾಕೆಂದರೆ ನಮ್ಮ ಬೈರಿದೇವರಕೊಪ್ಪದಲ್ಲಿ ಇನ್ನೂ ಅರ್ಧ ಜನ ಇದನ್ನು ನಂಬುವುದಿಲ್ಲ. ರೊಟ್ಟಿ ಮಾರುವ ಉಮಾಶ್ರೀಗೆ ಜರ್ಮನಿಯ ಕಾರು ಎಲ್ಲಿಂದ ಬಂತು ಎಂದು ಕೇಳುತ್ತಾರೆ. ರೊಟ್ಟಿಯಿಂದಲೇ ಬಂತು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹನ್ನೆರಡು ಹೆಣ್ಣುಮಕ್ಕಳು ಕೂತು ಜೋಳದ ರೊಟ್ಟಿ ಬಡಿಯುತ್ತಾರೆ, ನಾನು ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಕಳಿಸುತ್ತೇನೆ. ಹತ್ತೊಂಬತ್ತು ವರ್ಷದಿಂದ ನನ್ನ ಅಂಗೈಗೆ ಹಿಟ್ಟು ಹತ್ತದ ದಿನವಿಲ್ಲ.

ನಮ್ಮವರು ಶಿವಯೋಗೀಶ. ಸರಕಾರಿ ಬಸ್ಸಿನ ಚಾಲಕರಾಗಿದ್ದರು. ಮೂವತ್ತೆರಡು ವರ್ಷ ಅಲುಗಾಡುವ ಸೀಟಿನ ಮೇಲೆ ಕೂತು, ಬಿಸಿ ಎಂಜಿನ್ನಿನ ಪಕ್ಕದಲ್ಲಿ ಬೆಂದು, ಒಂದು ಅಪಘಾತವಿಲ್ಲ, ಒಂದು ದೂರಿಲ್ಲ. ನಿವೃತ್ತಿಯ ದಿನ ಡಿಪೋದವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಬೆನ್ನುನೋವು ಮಾತ್ರ ಮನೆಗೇ ಬಂತು. ಆಟೋ ಹತ್ತಿದರೆ ನೋವು, ಬೈಕ್ ಹತ್ತಿದರೆ ನೋವು, ತಂಗಿಯ ಮನೆಗೆ ಧಾರವಾಡಕ್ಕೆ ಹೋಗಿ ಬಂದರೆ ಎರಡು ದಿನ ಮಲಗುತ್ತಿದ್ದರು.

ಧಾರವಾಡದ ಒಬ್ಬ ಡಾಕ್ಟರು ತಮ್ಮ ಏಳು ವರ್ಷದ ಕಾರು ಮಾರುತ್ತಾರೆಂದು ಗೊತ್ತಾಯಿತು. ಸುಮ್ಮನೆ ನೋಡಿ ಬರೋಣವೆಂದು ಹೋದೆವು. ನಮ್ಮವರು ಸ್ಟೇರಿಂಗಿನ ಮುಂದೆ ಕೂತರು, ಬೆನ್ನು ಒರಗಿಸಿದರು, ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ಅಂದರು, “ಉಮಾ, ಇದರಾಗ ಕುಂತ್ರ ನನಗ ಬೆನ್ನು ಐತೋ ಇಲ್ಲೋ ಗೊತ್ತ ಆಗವಲ್ದು.”

ಅವರು ನನ್ನ ಹತ್ತಿರ ಏನನ್ನೂ ಕೇಳಿದವರಲ್ಲ. ಆವತ್ತೂ ಕೇಳಲಿಲ್ಲ. ನಾನೇ ತೆಗೆದುಕೊಂಡೆ.

ಅಲ್ಲಿಂದ ಅವರಿಗೆ ಭಾನುವಾರವೆಂದರೆ ಹಬ್ಬ. ಬೆಳಿಗ್ಗೆ ಏಳಕ್ಕೆ ಲುಂಗಿ ಎತ್ತಿ ಕಟ್ಟಿ, ಪೈಪು ಹಿಡಿದು, ಕಾರಿನ ಸುತ್ತ ಮೂರು ಸುತ್ತು. ಆಮೇಲೆ ನನ್ನ ಹಳೆ ಇಳಕಲ್ ಸೀರೆಯ ತುಂಡಿನಿಂದ ಒರೆಸುವುದು. ಒರೆಸುತ್ತ ಅದರ ಜೊತೆ ಮಾತೂ ಆಡುತ್ತಿದ್ದರು, ನಾನು ಕಿಟಕಿಯಿಂದ ಕೇಳಿದ್ದೇನೆ. ನನ್ನ ಜೊತೆ ಅಷ್ಟು ಮಾತಾಡಿದ್ದು ಕಾಣೆ. ತೊಳೆದಾದ ಮೇಲೆ ಇಬ್ಬರೂ ಉಣಕಲ್ ಕೆರೆಯ ತನಕ ಹೋಗಿ, ಗಿರಮಿಟ್ಟು ತಿಂದು, ಚಹಾ ಕುಡಿದು ಬರುತ್ತಿದ್ದೆವು. ಮದುವೆಯಾಗಿ ಮೂವತ್ತು ವರ್ಷದ ಮೇಲೆ ನಾವು ತಿರುಗಾಡಲು ಕಲಿತೆವು ಅನ್ನಿ.

ಸರ್ವಿಸ್ ಮಾತ್ರ ಶೋರೂಮಿನಲ್ಲೇ. ಅದು ನನ್ನ ಹಟ. ಎಣ್ಣೆ ಬದಲಿಸಿದರೆ ಇಪ್ಪತ್ತೆಂಟು ಸಾವಿರ, ಬ್ರೇಕಿಗೆ ನಲವತ್ತು, ಗಾಜು ಒರೆಸುವ ಎರಡು ರಬ್ಬರ್ ಕಡ್ಡಿಗೆ ಆರು ಸಾವಿರ. ಒಮ್ಮೆ ನಮ್ಮವರು ಬಿಲ್ಲು ನೋಡಿ, “ಗಬ್ಬೂರ ಕಡೆ ಹೊರಗ ರಿಪೇರಿ ಮಾಡೋರು ಛಲೋ ಮಂದಿ ಅದಾರಂತ ಉಮಾ,” ಅಂದಿದ್ದರು. “ಹೌದ್ರಿ, ಇನ್ನ ಇಷ್ಟು ದೊಡ್ಡ ಗಾಡಿ ಒಯ್ದು ಟ್ರ್ಯಾಕ್ಟರ್ ಸಾಲಿನ್ಯಾಗ ನಿಲ್ಲಸ್ರಿ!” ಎಂದು ಬಾಯಿ ಮುಚ್ಚಿಸಿದ್ದೆ. ಶೋರೂಮಿನಲ್ಲಿ ನನ್ನನ್ನು ಮೇಡಂ ಅನ್ನುತ್ತಿದ್ದರು, ಬಾಗಿಲು ತೆರೆದು ಹಿಡಿಯುತ್ತಿದ್ದರು. ಹಿಟ್ಟಿನ ಕೈಯವಳಿಗೆ ಅದು ಹಿತವಾಗಿತ್ತು. ಆ ಹಿತಕ್ಕೆ ನಾನು ವರ್ಷಕ್ಕೆ ಅಷ್ಟು ತೆರುತ್ತಿದ್ದೆ ಎಂದು ಈಗ ತಿಳಿಯುತ್ತದೆ.

ಈ ವರ್ಷ ಜೂನಿನಲ್ಲೇ ಮಿರಗದ ಮಳೆ ಜೋರಾಗಿ ಹಿಡಿಯಿತು. ನಾಲ್ಕು ದಿನ ಬಿಡದೆ ಹೊಡೆದ ಮೇಲೆ ಕಾರಿಗೆ ಹುಚ್ಚು ಹಿಡಿದ ಹಾಗಾಯಿತು. ಗಾಜು ಒರೆಸುವ ಕಡ್ಡಿಗಳು ತಾವೇ ಆಡತೊಡಗಿದವು, ದೀಪಗಳು ಹತ್ತಿ ಆರಿ ಮಾಡಿದವು, ಮುಂದಿನ ಪರದೆಯ ಮೇಲೆ ಕೆಂಪು ಅಕ್ಷರಗಳು. ಕಾಲಿಟ್ಟರೆ ಕೆಳಗಿನ ಕಾರ್ಪೆಟ್ಟು ಪಚಪಚ ಎನ್ನುತ್ತಿತ್ತು. ಶೋರೂಮಿಗೆ ಒಯ್ದೆವು, ನಾಲ್ಕು ಲಕ್ಷ ಹದಿನೆಂಟು ಸಾವಿರ ಅಂದರು, ನಾನು ನನ್ನ ಗಂಡನನ್ನು ಹತ್ತು ಜನರ ಮುಂದೆ ಬೈದೆ.

ಅವತ್ತು ಹೇಗೋ ಕುಂಟಿಸುತ್ತ ಕಾರನ್ನು ಮನೆಗೆ ತಂದರು. ತಂದವರು ಒಳಗೆ ಬರಲಿಲ್ಲ. ಅಂಗಳದಲ್ಲಿ ಬಿದ್ದಿದ್ದ ಪೈಪನ್ನು ಸುತ್ತಿ ಸುತ್ತಿ, ಗೋಡೆಯ ಮೊಳೆಗೆ ನೇತುಹಾಕಿದರು. ಕಾರಿನ ಮೇಲೆ ತಾಡಪತ್ರಿ ಹೊದಿಸಿದರು. ಆಮೇಲೆ ಮೂರು ವಾರ ಅದರ ಹತ್ತಿರ ಹೋಗಲಿಲ್ಲ.

ಜಗಳವಾಡಿದ್ದರೆ ನನಗೆ ಸುಲಭವಿತ್ತು. ನಾಲ್ಕು ಮಾತು ಅವರು, ನಾಲ್ಕು ಮಾತು ನಾನು, ರಾತ್ರಿ ಊಟಕ್ಕೆ ಎಲ್ಲ ಸರಿ. ಅವರು ಜಗಳವಾಡಲಿಲ್ಲ. ಉಣ್ಣು ಎಂದರೆ ಉಂಡರು, ಚಹಾ ಕೊಟ್ಟರೆ ಕುಡಿದರು. ಭಾನುವಾರ ಏಳಕ್ಕೆ ಎದ್ದು ಕಟ್ಟೆಯ ಮೇಲೆ ಸುಮ್ಮನೆ ಕೂತರು. ಕೈಗಳನ್ನು ನೋಡಿಕೊಳ್ಳುತ್ತಿದ್ದರು. ಹಿಂದೆ ಮುಂದೆ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಹತ್ತಿರ ಹೋಗಿ ನಿಂತೆ, ಆದರೆ ನನ್ನ ಬಾಯಿಗೆ ಬೈಯುವುದು ಬರುತ್ತದೆ, ಬೇರೆಯದು ಬರುವುದಿಲ್ಲ.

ಸಿದ್ದಪ್ಪ ಎಂಬ ಹಳೆ ಗಾಡಿಗಳ ದಲಾಲಿ ಬಂದು ತಾಡಪತ್ರಿ ಎತ್ತಿ ನೋಡಿದ. “ಆಷಾಢದಾಗ ಗಾಡಿ ಯಾರೂ ತೊಗೊಳ್ಳಂಗಿಲ್ರಿ ಅಕ್ಕಾರ. ಅದರ ಮ್ಯಾಲ ನೀರು ಹೊಕ್ಕ ಗಾಡಿ. ಎರಡೂವರಿ ಲಕ್ಷ ಕೊಡ್ತೇನಿ, ಶುಕ್ರವಾರ ಬಂದು ಒಯ್ತೇನಿ,” ಅಂದ. ನಾಲ್ಕು ಲಕ್ಷ ಕೊಟ್ಟು ರಿಪೇರಿ ಮಾಡಿಸುವ ತಾಕತ್ತು ನನಗಿರಲಿಲ್ಲ. ಮಾಡಿಸಿದರೂ ಮುಂದಿನ ಮಳೆಗೆ ಮತ್ತೆ ಇದೇ ಆದರೆ? ನಮ್ಮವರನ್ನು ಕೇಳಿದೆ.

“ಮಾರಿಬಿಡು,” ಅಂದರು. “ನನ್ನ ಕೈಗೆ ಅದು ಬ್ಯಾಡ.”

ಆ ಮಾತು ನನಗೆ ಚುಚ್ಚಿತು. ಕಾರು ಹೋದರೆ ಹೋಗಲಿ, ಇನ್ನೊಂದು ತಗೊಳ್ಳಬಹುದು, ಇಲ್ಲ ಆಟೋದಲ್ಲಿ ಓಡಾಡಬಹುದು. ಆದರೆ ಅದು ಹೀಗೆ ಹೋದರೆ, ತಾನೇ ಅದನ್ನು ಕೊಂದೆ ಎಂದು ಈ ಮನುಷ್ಯ ಸಾಯುವ ತನಕ ಅಂದುಕೊಳ್ಳುತ್ತಾನೆ.

ಬುಧವಾರ ಅವರು ಪಿಂಚಣಿಯ ಕಾಗದಕ್ಕೆಂದು ಧಾರವಾಡಕ್ಕೆ ಹೊರಟರು. ಸಿಟಿ ಬಸ್ಸಿಗೆ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಅವರು ಓಣಿಯ ತುದಿಗೆ ಹೋಗುವುದನ್ನು ನೋಡಿ ನಾನು ಶೆಡ್ಡಿಗೆ ಬಂದು ಒಲೆಯ ಮುಂದೆ ಕೂತೆ. ಬಡಿದ ರೊಟ್ಟಿಯೆಲ್ಲ ಹರಿಯುತ್ತಿತ್ತು.

ಪಕ್ಕದ ಒಲೆಯ ರಸೂಲಬಿ ಹನ್ನೊಂದು ವರ್ಷದಿಂದ ನನ್ನ ಜೊತೆ ರೊಟ್ಟಿ ಬಡಿಯುವವಳು. ನನಗೆ ಹೆದರದ ಒಬ್ಬಳೇ ಒಬ್ಬಳು.

“ಅಕ್ಕಾರ, ಹಿಟ್ಟಿನ ಮ್ಯಾಲ ಯಾಕ ಸಿಟ್ಟು? ನಮ್ಮ ತಮ್ಮ ಕಮರುದ್ದೀನ ಬಂದು ಒಮ್ಮೆ ಗಾಡಿ ನೋಡ್ಲಿ ಅಂತ ಎಷ್ಟು ಸರ್ತಿ ಹೇಳ್ಬೇಕು? ಹನ್ನೆರಡು ವರ್ಷ ಪುಣೆದಾಗ ಇಂಥಾವ ಗಾಡಿ ಬಿಚ್ಚಿ ಕೂಡಿಸ್ಯಾನ ಅಂವ. ಈಗ ಗಬ್ಬೂರದಾಗ ಸ್ವಂತ ಗ್ಯಾರೇಜ್ ಹಾಕ್ಯಾನ.”

“ಶೋರೂಮಿನವರಿಗೇ ಆಗಲಿಲ್ಲ, ನಿಮ್ಮ ತಮ್ಮಗ ಆಗ್ತೈತೇನ?”

“ಆಗಲಿಲ್ಲಂದ್ರ ಹೋಗೋದೇನೈತ್ರಿ? ಮಾರೋದಂತೂ ಮಾರಾಕತ್ತೀರಿ.”

“ಫೋನ್ ಹಚ್ಚು,” ಅಂದೆ.

ಕಮರುದ್ದೀನ ಒಂದು ತಾಸಿನಲ್ಲಿ ಸ್ಕೂಟರಿನ ಮೇಲೆ ಬಂದ. ತೆಳ್ಳಗಿನ ಮನುಷ್ಯ, ಜೇಬಿನಲ್ಲಿ ಪೆನ್ನಿನಂಥ ಬ್ಯಾಟರಿ, ಕನ್ನಡಕ. ಕಾರಿಗೆ ಒಂದು ಸಣ್ಣ ಯಂತ್ರ ಸಿಕ್ಕಿಸಿ ಬಹಳ ಹೊತ್ತು ಓದಿದ. ಆಮೇಲೆ ಬಾಗಿಲು ತೆಗೆದು ಕಾರ್ಪೆಟ್ಟಿನ ಮೂಲೆ ಎತ್ತಿ, ಬೆರಳು ಅದ್ದಿ, ಮೂಸಿ ನೋಡಿದ.

“ಏನ ಮೂಸ್ತೀಯೋ ತಮ್ಮಾ, ಅತ್ತರೇನ ಅದು?”

“ತೊಳದ ನೀರಾದ್ರ ಸಾಬೂನ ವಾಸನಿ ಇರ್ತೈತ್ರಿ ಅಕ್ಕಾರ. ಇದು ಕೊಳತ ನೀರು. ಎಲ್ಲೋ ಬಾಳ ದಿನ ನಿಂತು ಆಮ್ಯಾಲ ಒಳಗ ಬಂದೈತಿ. ಗ್ಯಾರೇಜಿಗೆ ಒಯ್ಯೋಣು, ನೀವೂ ಬರ್ರಿ. ನನ್ನ ಹತ್ತಿರ ಮಾಲಕರು ನೋಡದ ಏನೂ ಬಿಚ್ಚಂಗಿಲ್ಲ.”

ಬೈಪಾಸ್ ಹಿಡಿದು ಸಾವಕಾಶ ಹೋದೆವು. ಗ್ಯಾರೇಜು ಅಂದರೆ ಒಂದು ದೊಡ್ಡ ತಗಡಿನ ಶೆಡ್ಡು, ನನ್ನ ರೊಟ್ಟಿ ಶೆಡ್ಡಿನ ಅಣ್ಣ. ಒಳಗೆ ನನ್ನ ಕಾರಿನಂಥವೇ ಮೂರು ನಿಂತಿದ್ದವು. ಒಂದರ ಮೇಲೆ ಧಾರವಾಡದ ಆಸ್ಪತ್ರೆಯ ಹೆಸರಿತ್ತು. ನನಗೆ ಕಾರು ಮಾರಿದ ಡಾಕ್ಟರದೇ ಆಸ್ಪತ್ರೆ! ಹೊಸ ಗಾಡಿ ತಗೊಂಡು ಇಲ್ಲಿಗೆ ತರುತ್ತಾರೆ. ನಾನೊಬ್ಬಳು ಮೇಡಂ ಅನ್ನಿಸಿಕೊಳ್ಳಲು ಗಾಜಿನ ಬಾಗಿಲಿಗೆ ಹೋಗಿದ್ದೆ.

ಕಮರುದ್ದೀನ ಬಾನೆಟ್ ಎತ್ತಿದ. ಮುಂದಿನ ಗಾಜಿನ ಬುಡದಲ್ಲಿ, ಒರೆಸುವ ಕಡ್ಡಿಗಳು ಕೂರುವಲ್ಲಿ, ಉದ್ದಕ್ಕೆ ತೂತುತೂತಿನ ಕರಿ ಪ್ಲಾಸ್ಟಿಕ್ಕಿನ ಜಾಳಿಗೆ ಇರುತ್ತದೆ. ಅದನ್ನು ತೋರಿಸಿದ.

“ಗಾಜಿನ ಮ್ಯಾಲಿನ ಮಳಿ ನೀರೆಲ್ಲಾ ಇದರಾಗ ಇಳೀತೈತ್ರಿ. ಕೆಳಗ ಮೋರಿಯಂಗ ಎರಡು ತೂತು ಇರ್ತಾವು, ಅಲ್ಲಿಂದ ನೆಲಕ್ಕ ಹೋಗ್ತೈತಿ. ತೂತು ಕಟ್ಟಿದ್ರ ನೀರು ಏರಿ, ಎ.ಸಿ. ಗಾಳಿ ಹೋಗೋ ದಾರಿ ಹಿಡದು ಸೀಟಿನ ಬುಡಕ್ಕ ಬರ್ತೈತಿ. ಪೈಪಿನ ನೀರಿಲೆ ಈ ಗಾಡಿ ಹಾಳಾಗಂಗಿಲ್ರಿ. ಮಳಿಯಾಗ ಓಡಾಡಾಕಂತನ ಮಾಡಿದ ಗಾಡಿ ಇದು.”

ಜಾಳಿಗೆ ಬಿಚ್ಚಿದ. ಒಳಗೆ ಕೆರೆ. ಕರಿ ನೀರು ದಂಡೆಯ ತನಕ ನಿಂತಿತ್ತು. ಮೂರು ವಾರ ತಾಡಪತ್ರಿಯ ಕೆಳಗೆ ಇದ್ದರೂ ಆರಿರಲಿಲ್ಲ. ಅವನು ತೋಳು ಮಡಚಿ, ಕೈ ಇಳಿಬಿಟ್ಟು, ತಳದಿಂದ ಒಂದು ಹಿಡಿ ಕೆಸರು ತೆಗೆದ.

“ಮನಿ ಮುಂದ ಯಾವ ಗಿಡ ಐತ್ರಿ?”

“ಯಾವ ಗಿಡನೂ ಇಲ್ಲೋ. ಎಲ್ಲಾ ಫರಸಿ ಕಲ್ಲು ಹಾಸೇವಿ.”

“ಮತ್ತ ಇಷ್ಟು ಎಲಿ ಎಲ್ಲಿಂದ ಬಂದಾವ್ರಿ?”

ಇನ್ನೊಂದು ಹಿಡಿ ತೆಗೆದ. ಮತ್ತೊಂದು. ಸಣ್ಣ ಸಣ್ಣ ಎಲೆ, ಕೊಳೆತು ಕಪ್ಪಾದವು, ಅರ್ಧ ಕೊಳೆತವು. ಮೂಲೆಯಲ್ಲಿ ಸಿಕ್ಕಿದ್ದ ಒಂದು ಟೊಂಗೆ ಮಾತ್ರ ಇನ್ನೂ ಗಟ್ಟಿಯಿತ್ತು. ಅದಕ್ಕೆ ಅರಿಷಿಣದ ದಾರ ಸುತ್ತಿತ್ತು. ಅವನು ಅದನ್ನು ಬೆಳಕಿಗೆ ಹಿಡಿದ. ಆಮೇಲೆ ನನ್ನ ಮುಖ ನೋಡದೆ, ಮೆಲ್ಲಗೆ ಅಂದ.

“ಇದು ಬನ್ನಿ ಐತ್ರಿ, ಅಕ್ಕಾರ.”

ಅಯ್ಯ ಶಿವನೇ! ಅಲ್ಲೇ ಇದ್ದ ಟೈರಿನ ಮೇಲೆ ಕೂತುಬಿಟ್ಟೆ.

ನಮ್ಮ ಕಡೆ ದಸರೆಯ ದಿನ ಬನ್ನಿ ಕೊಡುವುದು ನಿಮಗೆ ಗೊತ್ತಿದೆ. ಅವತ್ತು ಆ ಎಲೆ ಎಲೆಯಲ್ಲ, ಬಂಗಾರ. ಮೊದಲು ದೇವರ ಜಗಲಿಗೆ, ಆಮೇಲೆ ನಮಗೆ ಅನ್ನ ಕೊಡುವ ವಸ್ತುಗಳಿಗೆ, ಆಮೇಲೆ ಹಿರಿಯರಿಗೆ. ನಾನು ರೊಟ್ಟಿಯ ಹಂಚುಗಳಿಗೆ ಇಡುತ್ತೇನೆ, ತಕ್ಕಡಿಗೆ ಇಡುತ್ತೇನೆ. ಕಾರು ಬಂದ ಮೇಲೆ ಕಾರಿಗೂ ಇಟ್ಟೆ. ಓಣಿಯವರೆಲ್ಲ ಬಂದು ಅದರ ಮೇಲೂ ಬನ್ನಿ ಇಟ್ಟು ಹೋಗುತ್ತಿದ್ದರು, ನನಗೆ ಹಿಗ್ಗು. ಸಂಜೆಗೆ ಬಾನೆಟ್ಟಿನ ಮೇಲೆ ರಾಶಿ. ಗಾಳಿ ಬೀಸಿದರೆ ಎಲೆಗಳು ನೆಲಕ್ಕೆ ಹಾರಿ ಜನರ ಕಾಲಿಗೆ ಸಿಗುತ್ತಿದ್ದವು. ಬಂಗಾರವನ್ನು ತುಳಿಯುವುದೇ? ನಾನು ಒಂದೊಂದೇ ಆರಿಸಿ, ಎಲ್ಲಿ ಇಡಲಿ ಎಂದು ನೋಡಿ, ಗಾಜಿನ ಕೆಳಗಿನ ಆ ಜಾಳಿಗೆಯಲ್ಲಿ ತುರುಕಿದ್ದೆ. ಬೆರಳಿನಿಂದ ಒತ್ತಿ ಒತ್ತಿ, ಹಾರದ ಹಾಗೆ. ಮೂರು ದಸರೆ, ಮೂರು ಸಲ. ಎಷ್ಟು ಛಲೋ ಜಾಗ ಹುಡುಕಿದೆ ಎಂದು ನನ್ನ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು.

ಪ್ರತಿ ಭಾನುವಾರ ಬಾನೆಟ್ಟನ್ನು ಕನ್ನಡಿಯ ಹಾಗೆ ಒರೆಸಿದವರು ಅವರು. ಒಳಗೆ ಇಳಿದದ್ದು ಮೇಲಿಂದ ಯಾರಿಗೆ ಕಾಣಬೇಕು?

“ನಾನೋ ತಮ್ಮಾ,” ಅಂದೆ. “ನಾನ ತುರುಕೀನಿ ಇದನ್ನ. ನಮ್ಮ ಮನಿಯವರಿಗೆ ಹತ್ತು ಮಂದಿ ಮುಂದ ಬೈದು ಬಂದೇನಿ. ಮೂರು ವಾರ ಆತು, ಆ ಮನುಷ್ಯಾ ನಕ್ಕಿಲ್ಲ.”

ಕಮರುದ್ದೀನ ಒಂದು ಸಣ್ಣ ಪೈಪು ತಂದು ತೂತಿಗೆ ಗಾಳಿ ಹೊಡೆದ. ಒಮ್ಮೆಲೆ ಗಂಟಲು ಬಿಚ್ಚಿದಂತೆ ಸದ್ದಾಗಿ, ನಿಂತ ನೀರೆಲ್ಲ ಮುಂದಿನ ಗಾಲಿಯ ಹಿಂದಿನಿಂದ ಧೋ ಎಂದು ನೆಲಕ್ಕೆ ಬಿತ್ತು. ನನ್ನ ಸೀರೆಗೂ ಸಿಡಿಯಿತು, ಕಾಲು ಹಿಂದೆ ತೆಗೆಯಬೇಕೆಂದೂ ಅನ್ನಿಸಲಿಲ್ಲ.

“ಗಾಡಿ ಉಳೀತೈತೇನೋ?”

“ಸೀಟಿನ ಬುಡದ ಕಂಟ್ರೋಲ್ ಡಬ್ಬಿ ಬಿಚ್ಚಿ ನೋಡ್ಬೇಕ್ರಿ. ನೀರು ಒಳಗ ಹೋಗಿದ್ರ ಖರೇ ಹೋತು, ಹೊಸಾದ ಹಾಕ್ಬೇಕು. ಬರೇ ವಾಯರಿನ ಬಾಯಿಗೆ ಹತ್ತಿದ್ರ ಉಳೀತೈತಿ. ಒಣಗಿಸಿ ಕೂಡಸಾಕ ನಾಳಿ ಸಂಜಿ ಆಗ್ತೈತಿ. ಸುಳ್ಳು ಭರೋಸಾ ಕೊಡಂಗಿಲ್ಲ ನಾ.”

“ನಾನಿಲ್ಲದಾಗ ಬಿಚ್ಚಿದ್ರೂ ನಡೀತೈತಿ,” ಎಂದು ಹೇಳಿ ಮನೆಗೆ ಬಂದೆ. ಅಂಗಳದಲ್ಲಿ ಕಾರಿಲ್ಲದ್ದನ್ನು ನಮ್ಮವರು ಧಾರವಾಡದಿಂದ ಬಂದಾಗ ನೋಡಿದರು. ಸಿದ್ದಪ್ಪ ಮುಂಚೆಯೇ ಒಯ್ದ ಎಂದುಕೊಂಡಿರಬೇಕು. ಕೇಳಲಿಲ್ಲ. ತಾಡಪತ್ರಿಯನ್ನು ನೀಟಾಗಿ ಮಡಚಿ ಗೋಡೆಯ ಮಾಡದಲ್ಲಿಟ್ಟರು. ಮಾತು ನಾಲಿಗೆಯ ತುದಿಗೆ ಬಂದಿತ್ತು, ಆದರೆ ಹೇಳಲಿಲ್ಲ. ಕಾರು ಉಳಿಯದಿದ್ದರೆ ಆಸೆ ತೋರಿಸಿ ಕಸಿದುಕೊಂಡಂತೆ ಆಗುತ್ತದೆ. ನಾನು ಮಾತು ತಡೆದುಕೊಂಡ ದಿನ ನನ್ನ ಆಯುಷ್ಯದಲ್ಲಿ ಅದೊಂದೇ.

ಗುರುವಾರ ನಾಲ್ಕಕ್ಕೆ ಫೋನು ಬಂತು.

“ಅಕ್ಕಾರ, ಬರ್ರಿ. ಡಬ್ಬಿ ಒಳಗ ಒಣಾ ಐತಿ. ಗಾಡಿ ಉಳೀತು.”

ಒಲೆಯ ಮುಂದೆಯೇ ಜೋರಾಗಿ ಅತ್ತುಬಿಟ್ಟೆ. ಹೆಣ್ಣುಮಕ್ಕಳು ಗಾಬರಿಯಾಗಿ ಯಾರು ಹೋದರು ಎಂದು ಕೇಳಿದರು. “ಯಾರೂ ಹೋಗಿಲ್ರೇ, ಉಳದೈತಿ, ಉಳದೈತಿ!” ಅಂದೆ. ರಸೂಲಬಿ ಮಾತ್ರ ನಕ್ಕು, ಹಿಟ್ಟಿನ ಕೈಯಿಂದಲೇ ನನ್ನ ಬೆನ್ನಿಗೆ ಒಂದು ಗುದ್ದು ಗುದ್ದಿದಳು.

ಗ್ಯಾರೇಜಿನಲ್ಲಿ ಕಾರು ಎಂದಿನಂತೆ ನಿಂತಿತ್ತು, ಪರದೆಯ ಮೇಲೆ ಒಂದು ಕೆಂಪು ಅಕ್ಷರವಿಲ್ಲ. ಹಸಿರುಗಟ್ಟಿದ ಎರಡು ವಾಯರಿನ ಬಾಯಿಗಳನ್ನು ಕಮರುದ್ದೀನ ಬದಲಿಸಿದ್ದ, ಹಳೆಯವನ್ನು ನನ್ನ ಕೈಯಲ್ಲಿಟ್ಟ. ಕಾರ್ಪೆಟ್ಟು ತೊಳೆದು, ಮನೆಯ ಹಂಡೆ ಒಲೆಯ ಪಕ್ಕ ಒಣಗಿಸಿದ್ದ. ಎಲ್ಲ ಸೇರಿ ಹದಿನಾಲ್ಕು ಸಾವಿರ. ನಾನು ನಾಲ್ಕು ಲಕ್ಷದ ಲೆಕ್ಕದಲ್ಲಿದ್ದವಳು, ಕಿವಿಗೆ ನಂಬಿಕೆಯಾಗಲಿಲ್ಲ.

“ಕಡಿಮಿ ಹೇಳಾಕತ್ತೀ ಏನೋ? ರಸೂಲಬಿ ಮಾರಿ ನೋಡಿ ಹೇಳಬ್ಯಾಡ ಮತ್ತ.”

“ಮಾಡಿದ್ದಕ್ಕಷ್ಟ ತೊಗೊಂಡೇನ್ರಿ. ಶೋರೂಮಿನವರು ಕಳ್ಳರಂತ ನಾ ಅನ್ನಂಗಿಲ್ಲ. ಅವರು ಕೆಟ್ಟದ್ದು ಬದಲಿಸ್ತಾರ, ಯಾಕ ಕೆಟ್ಟತು ಅಂತ ನೋಡಂಗಿಲ್ಲ. ಹೊಸ ಡಬ್ಬಿ ಹಾಕಿದ್ರೂ ಮುಂದಿನ ಮಳಿಗೆ ಮತ್ತ ಹೋಗಿರ್ತಿತ್ತು.” ಆಮೇಲೆ ನಗು ತಡೆದುಕೊಂಡು ಸೇರಿಸಿದ, “ವರ್ಷಕ್ಕೊಮ್ಮೆ ಮಿರಗಕ್ಕಿಂತ ಮೊದಲ ಇಲ್ಲಿ ತಂದು ಜಾಳಿಗಿ ತೆಗಸ್ರಿ. ಎಣ್ಣಿ, ಬ್ರೇಕು ಎಲ್ಲಾ ಇಲ್ಲೇ ಆಗ್ತೈತಿ. ಸಾಮಾನು ನಿಮ್ಮ ಮುಂದ ಪ್ಯಾಕೆಟ್ ಒಡದು ಹಾಕ್ತೇನಿ, ಹಳೇದು ನಿಮ್ಮ ಕೈಯಾಗ ಕೊಡ್ತೇನಿ.”

ಹೊರಡುವಾಗ ಒಂದು ಕಾಗದದ ಪೊಟ್ಟಣ ತಂದುಕೊಟ್ಟ. ಬಿಚ್ಚಿದರೆ ಆ ಟೊಂಗೆ, ಮತ್ತು ಕೊಳೆಯದೆ ಉಳಿದ ಒಂದು ಹಿಡಿ ಎಲೆ. ತೊಳೆದು ಒಣಗಿಸಿದ್ದ.

“ಕೆಸರಿನ್ಯಾಗ ಹೆಂಗ ಒಗೀಲ್ರಿ? ದಸರಾಕ್ಕ ಓಣ್ಯಾಗಿನ ಮಂದಿ ನಮಗೂ ಕೊಡ್ತಾರ. ಕಾಲಾಗ ಬೀಳಬಾರ್ದಂತ ನಮಗೂ ಗೊತ್ತೈತಿ.”

ಕಾರನ್ನು ನಾನೇ ನಡೆಸಿಕೊಂಡು ಬಂದೆ. ಕಲಿಸಿದವರು ನಮ್ಮವರೇ, ಗೇರಿಗೊಮ್ಮೆ ನನ್ನಿಂದ ಬೈಸಿಕೊಂಡು. ದಾರಿಯಲ್ಲಿ ಸಿದ್ದಪ್ಪನಿಗೆ ಫೋನ್ ಹಚ್ಚಿ, ಶುಕ್ರವಾರ ಬರಬೇಡ, ಯಾವ ವಾರವೂ ಬರಬೇಡ ಎಂದೆ.

ಓಣಿಯ ತಿರುವಿನಲ್ಲೇ ನಮ್ಮವರು ಕಂಡರು. ಕಟ್ಟೆಯ ಮೇಲೆ ಕೂತಿದ್ದವರು ಎದ್ದು ನಿಂತಿದ್ದರು. ಸದ್ದಿಗೇ ಗುರುತು ಹಿಡಿದಿರಬೇಕು. ಕಾರು ಬಂದು ನಿಂತಿತು. ಅವರು ಒಳಗೆ ಇಣುಕಿ ಪರದೆ ನೋಡಿದರು, ದೀಪ ನೋಡಿದರು, ನನ್ನನ್ನು ನೋಡಿದರು.

ನಾನು ಇಳಿದು, ಪೊಟ್ಟಣದಿಂದ ಎಲೆ ತೆಗೆದು ಅವರ ಕೈಯಲ್ಲಿಟ್ಟೆ. ಬಗ್ಗಿ ಕಾಲು ಮುಟ್ಟಿದೆ.

“ಬನ್ನಿ ತೊಗೋರಿ. ಬಂಗಾರದಂಗ ಇರೋಣು.”

“ಏನ ಇದು ಉಮಾ? ಆಷಾಢದಾಗ ಬನ್ನಿ?”

ಹೇಳಿದೆ. ಎಲ್ಲ ಹೇಳಿದೆ. ಜಾಳಿಗೆ, ತೂತು, ಮೂರು ದಸರೆ, ಬೆರಳಿನಿಂದ ಒತ್ತಿದ್ದು. “ಪೈಪಿನ ನೀರಲ್ಲರಿ. ನಿಮ್ಮ ಕೈ ಅಲ್ಲ. ತಪ್ಪು ನಂದ್ರಿ. ಅಷ್ಟು ಮಂದ್ಯಾಗ ನಿಮಗ ಅಂಥಾ ಮಾತು ಅಂದೆ. ನನ್ನ ಬಾಯಿ ಸುಡಲಿ.”

ಅವರು ಎಲೆಗಳನ್ನು ಹಿಡಿದುಕೊಂಡೇ ಕಟ್ಟೆಯ ಮೇಲೆ ಕೂತರು.

“ಮೂವತ್ತೆರಡು ವರ್ಷ ನನ್ನ ಕೈಯಾಗ ಒಂದ ಗಾಡಿ ಕೆಟ್ಟಿಲ್ಲ ಉಮಾ,” ಅಂದರು. “ಶೋರೂಮಿನವರು ಅಂದಿದ್ರ ನಾ ನಂಬತಿದ್ದಿಲ್ಲ. ನೀ ಅಂದಿ. ನೀ ಅಂದ ಮ್ಯಾಲ, ಕೆಟ್ಟಿರಬೇಕು ಬಿಡು, ಕೈ ಮುದಿ ಆದೂ ಅಂತ ನಂಬೇಬಿಟ್ಟೆ.”

ಬೈಸಿಕೊಂಡದ್ದಕ್ಕಲ್ಲ ಅವರ ಸಂಕಟ. ನನ್ನ ಮಾತನ್ನು ನಂಬಿದ್ದರು. ಹತ್ತೊಂಬತ್ತು ವರ್ಷದ ಸುಟ್ಟ ಕೈಗಳಲ್ಲಿ ಅವರ ಎರಡೂ ಕೈ ಹಿಡಿದುಕೊಂಡು ನಾನು ಅಲ್ಲೇ ಕೂತೆ. ಓಣಿಯವರು ನೋಡಲಿ, ನೋಡಬೇಕಾದವರೇ.

“ನಾಳಿ ಶೋರೂಮಿಗೆ ಹೋಗೂಣು ನಡ್ರಿ. ಎಲ್ಲಿ ಬೈದೇನಿ, ಅಲ್ಲೇ ಆ ಹುಡುಗಿ ಮುಂದ ಹೇಳ್ತೇನಿ, ತಪ್ಪು ನಂದಂತ.”

“ಬ್ಯಾಡೇ ತಾಯಿ. ಕಾಫಿ ಕುಡಿಸಿ ಮತ್ತೊಂದು ಬಿಲ್ಲು ಕೊಟ್ಟಾರು.”

ನಕ್ಕರು. ಮೂರು ವಾರದ ಮೇಲೆ ನಕ್ಕರು! ಎಲೆಗಳಲ್ಲಿ ಅರ್ಧ ತೆಗೆದು ನನ್ನ ಅಂಗೈಯಲ್ಲಿಟ್ಟು, ಬಂಗಾರದಂಗ ಇರೋಣು ಅಂದರು. ಉಳಿದರ್ಧವನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. “ಇದನ್ನ ಗಾಡಿ ಮ್ಯಾಲ ಮಾತ್ರ ಇಡಬ್ಯಾಡ,” ಅಂದರು.

ಆಮೇಲೆ ಎದ್ದು ಮೊಳೆಯಿಂದ ಪೈಪು ತೆಗೆದರು. ಭಾನುವಾರವಲ್ಲ, ಕಾರು ಕೊಳೆಯೂ ಆಗಿರಲಿಲ್ಲ. ನಳ ತಿರುಗಿಸಿ, ಗಾಜಿನ ಬುಡದ ಜಾಳಿಗೆಗೇ ನೇರ ನೀರು ಬಿಟ್ಟರು. ಅವರು ಬಗ್ಗಿದರು. ಪಟ್ಟಿ ಕಟ್ಟಿದ ಸೊಂಟದಲ್ಲೇ ಬಗ್ಗಿ, ಗಾಲಿಯ ಹಿಂದೆ ನೋಡಿದರು. ನೀರು ಸಣ್ಣಗೆ ಶುರುವಾಗಿ, ಧಾರೆ ಕಟ್ಟಿ ಫರಸಿಯ ಮೇಲೆ ಬಿತ್ತು.

“ಹೋಗಾಕತ್ತೈತಿ ನೋಡು ಉಮಾ! ಹೆಂಗ ಹೋಗಾಕತ್ತೈತಿ ನೋಡಿಲ್ಲೆ!”

ನಾನೂ ಸೀರೆ ಎತ್ತಿಕೊಂಡು ಅವರ ಪಕ್ಕ ಬಗ್ಗಿ ನೋಡಿದೆ.